ಚೀಲದ ಮುಂಭಾಗದ ಧೂಳು

ನಮ್ಮ ಬಾಕ್ಸಿಂಗ್ ಮಂಡಳಿಯ ಸ್ಪರ್ಧಿಗಳು ಇದುವರೆಗೆ ಯಾರಿಗೂ ಪೆಟ್ಟು ಕೊಟ್ಟಿಲ್ಲ ಎಂಬುದನ್ನು ಮೊದಲಿಗೇ ಹೆಮ್ಮೆಯಿಂದ ದಾಖಲಿಸಬೇಕಾಗಿದೆ. ಎರಡು ಅಪವಾದಗಳಿವೆ. ಒಂದನ್ನು ಮಂಡಳಿ ಕ್ಷಮಿಸಿಬಿಟ್ಟಿದೆ. ಇನ್ನೊಂದು ನನ್ನ ಅಕ್ಕನ ಮಗಳು. ಕಾರ್ಯದರ್ಶಿಯಾದವನು ಸ್ವಂತ ಸಂಬಂಧಿಕರ ಬಗ್ಗೆ ವರದಿ ಬರೆಯುವುದು ಸರಿಯೇ ಎಂದು ಕೆಲವರು ಕೇಳಬಹುದು. ಸರಿಯಲ್ಲ. ಆದರೆ ಮಂಡಳಿಯಲ್ಲಿ ಬರೆಯುವ ಅಭ್ಯಾಸ ಇರುವವನು ನಾನೊಬ್ಬನೇ, ಉಳಿದವರೆಲ್ಲ ಕುಳಿತಿರುತ್ತಾರೆ.

ಅವರು ಕುಳಿತಿರುವುದು ಸೋಮಾರಿತನದಿಂದಲ್ಲ, ನಿಯಮದ ಪ್ರಕಾರ. ತನಗಿಂತ ಶ್ರೇಷ್ಠನಾದ ಎದುರಾಳಿಯ ಮುಂದೆ ಕೊನೆಯ ಗಂಟೆ ಬಾರಿಸುವವರೆಗೆ ಯಾರು ನಿಂತಿರುತ್ತಾರೋ ಅವರಿಗೆ ಮಂಡಳಿಯಲ್ಲಿ ಕಾಯಂ ಕುರ್ಚಿ ಎಂದು ನಮ್ಮ ನಿಯಮಾವಳಿ ಹೇಳುತ್ತದೆ. ಗೆಲ್ಲಬೇಕು ಎಂದು ಎಲ್ಲೂ ಹೇಳುವುದಿಲ್ಲ. ನಿಯಮ ಬರೆದ ಹಿರಿಯರಿಗೆ ನಮ್ಮವರ ಯೋಗ್ಯತೆ ಚೆನ್ನಾಗಿ ಗೊತ್ತಿತ್ತು.

ನಮ್ಮ ಅಧ್ಯಕ್ಷರನ್ನೇ ನೋಡಿ. ಯೌವನದಲ್ಲಿ ಅವರು ಪರದೇಶದ ಒಬ್ಬ ಚಾಂಪಿಯನ್ನನ ಜೊತೆ ರಿಂಗಿಗಿಳಿದರು. ಮೊದಲ ಗಂಟೆ ಬಾರಿಸಿದ ಕೂಡಲೇ ಹೋಗಿ ಅವನನ್ನು ತಬ್ಬಿಕೊಂಡರು. ರೆಫರಿ ಬಿಡಿಸಿದ, ಮತ್ತೆ ತಬ್ಬಿಕೊಂಡರು. ಕೊನೆಯ ಸುತ್ತಿನ ಹೊತ್ತಿಗೆ ಚಾಂಪಿಯನ್ ಬೇಸತ್ತು, ನಿಮ್ಮ ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಾ ಎಂದು ವಿಚಾರಿಸಿದನಂತೆ. ಆ ಪಂದ್ಯದ ಫೋಟೋ ಇಂದಿಗೂ ಅಧ್ಯಕ್ಷರ ಕುರ್ಚಿಯ ಹಿಂದಿನ ಗೋಡೆಯಲ್ಲಿದೆ. ಅದರಲ್ಲಿ ಕಾಣುವುದು ಚಾಂಪಿಯನ್ನನ ಬೆನ್ನು ಮತ್ತು ಆ ಬೆನ್ನಿನ ಮೇಲೆ ನಮ್ಮ ಅಧ್ಯಕ್ಷರ ಎರಡು ಕೈಗಳು ಮಾತ್ರ. ಬಂದವರಿಗೆಲ್ಲ ಅವರು ಎದ್ದು ತೋರಿಸುತ್ತಾರೆ: "ಇಗೋ, ಇವೆರಡೂ ನನ್ನವೇ."

ಉಳಿದ ಪದಾಧಿಕಾರಿಗಳೂ ಹಾಗೆಯೇ ನಿಂತು ಬಂದವರು. ಉಪಾಧ್ಯಕ್ಷರು ಹಗ್ಗ ಹಿಡಿದು ನಿಂತರು. ಖಜಾಂಚಿಗಳು ರಿಂಗಿನ ಸುತ್ತ ಓಡಿ, ಓಡಿ ದಣಿದ ಮೇಲೆ ನಿಂತರು. ನಾನು ಬಾಕ್ಸರನಲ್ಲ. ಒಮ್ಮೆ ಒಂದು ಪಂದ್ಯದಲ್ಲಿ ಮೂಲೆಯಲ್ಲಿ ನೀರಿನ ಬಕೆಟ್ ಹಿಡಿದು ಕೊನೆಯ ಗಂಟೆಯವರೆಗೆ ನಿಂತಿದ್ದೆ. ನಿಯಮದಲ್ಲಿ 'ನಿಂತವರು' ಎಂದಿದೆಯೇ ಹೊರತು ಹೊಡೆಸಿಕೊಂಡವರು ಎಂದಿಲ್ಲ. ಬಕೆಟ್ ಖಾಲಿ ಇತ್ತು ಎಂದು ಕೆಲವರು ಹೇಳುವುದು ಹೊಟ್ಟೆಕಿಚ್ಚಿನಿಂದ.

ಮಂಡಳಿಯ ತರಬೇತಿ ಕೋಣೆಯಲ್ಲಿ ಚಾವಣಿಯಿಂದ ಒಂದು ದೊಡ್ಡ ಚರ್ಮದ ಚೀಲ ತೂಗುತ್ತದೆ. ಬೇರೆ ಕಡೆ ಇಂಥ ಚೀಲವನ್ನು ಗುದ್ದುತ್ತಾರಂತೆ. ನಮ್ಮಲ್ಲಿ ಅದನ್ನು ತಬ್ಬಿಕೊಳ್ಳುವ ಪದ್ಧತಿ. ಎಲ್ಲರೂ ಅವರವರ ಕಾಲದಲ್ಲಿ ತಬ್ಬಿ ತಬ್ಬಿ, ಚೀಲದ ಎರಡು ಪಕ್ಕ ಸವೆದು ಹೊಲಿಗೆ ಬಿಟ್ಟಿದೆ. ಮುಂಭಾಗ ಮಾತ್ರ ಅಂಗಡಿಯಿಂದ ಬಂದ ದಿನ ಹೇಗಿತ್ತೋ ಹಾಗೇ ಇದೆ, ಮೇಲೆ ಬೆರಳು ಹೂತುಹೋಗುವಷ್ಟು ಧೂಳು. ಈ ಧೂಳಿನ ವಿಷಯ ಮುಂದೆ ಬರುತ್ತದೆ.

ಈಗ ನನ್ನ ಅಕ್ಕನ ವಿಷಯ. ಭಾವ ತೀರಿಕೊಂಡ ಮೇಲೆ ಅವಳು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬಟ್ಟೆಗೆ ಇಸ್ತ್ರಿ ಮಾಡುವ ಅಂಗಡಿ ನಡೆಸುತ್ತಾಳೆ. ಅಂಗಡಿಯಲ್ಲಿ ಮೇಜಿದೆ, ಕುರ್ಚಿ ಇಲ್ಲ. ಇಟ್ಟರೆ ಬಟ್ಟೆಗೆ ಜಾಗ ಸಾಲುವುದಿಲ್ಲ. ನಿಂತು ನಿಂತು ಅಕ್ಕನ ಕಾಲಿನ ನರಗಳು ಗಂಟು ಕಟ್ಟಿವೆ. ಮಗಳೂ ಚಿಕ್ಕಂದಿನಿಂದ ಅದೇ ಮೇಜಿನ ಮುಂದೆ ನಿಂತವಳು. ಹಳೆಯ ಕಾಲದ ಕಬ್ಬಿಣದ ಇಸ್ತ್ರಿಪೆಟ್ಟಿಗೆ, ಎತ್ತಲು ಗಂಡಸರೇ ಎರಡು ಕೈ ಹಾಕಬೇಕು. ಇವಳು ಬಲಗೈ ಒಂದರಲ್ಲೇ ಆಡಿಸುತ್ತಾಳೆ. ಓಣಿಯವರು ಅವಳನ್ನು 'ಇಸ್ತ್ರಿ' ಎಂದೇ ಕರೆಯುವುದು, ನಾವೂ ಹಾಗೇ ಕರೆಯೋಣ.

ಅಧ್ಯಕ್ಷರು ನಿವೃತ್ತರಾಗುವ ದಿನ ಹತ್ತಿರ ಬಂದಿತ್ತು. ಅವರು ಎದ್ದರೆ ಎಲ್ಲರೂ ಒಂದೊಂದು ಕುರ್ಚಿ ಮುಂದಕ್ಕೆ ಸರಿಯುತ್ತಾರೆ. ಕೊನೆಗೆ ಬಾಗಿಲ ಪಕ್ಕದ ಕುರ್ಚಿ, ಒಂದು ಕಾಲು ಗಿಡ್ಡವಾಗಿ ಕುಳಿತವರನ್ನು ಸದಾ ತೂಗುವಂಥದ್ದು, ಖಾಲಿಯಾಗುತ್ತದೆ. ಈ ಸುದ್ದಿ ಅಕ್ಕನ ಕಿವಿಗೆ ಬಿದ್ದದ್ದು ನನ್ನಿಂದಲೇ.

"ಲೋ, ನನ್ನ ಮಗಳು ಕೂತ್ಕೊಂಡು ಕೆಲಸ ಮಾಡೋದನ್ನ ನಾನು ಕಣ್ಣಾರೆ ನೋಡ್ಬೇಕು ಕಣೋ," ಎಂದಳು ಅಕ್ಕ. "ಕಾಲು ಗಿಡ್ಡ ಆದ್ರೇನಂತೆ, ಕೆಳಗೊಂದು ಹೆಂಚಿನ ಚೂರು ಇಟ್ಟರೆ ಆಯ್ತು."

ಅಷ್ಟರಲ್ಲಿ ಅನುಕೂಲವೂ ಕೂಡಿ ಬಂತು. ಪರದೇಶದ ಮಹಿಳಾ ಚಾಂಪಿಯನ್ ಒಬ್ಬಳು ಊರೂರು ಸುತ್ತುತ್ತಾ ಪಂದ್ಯ ಆಡುತ್ತಿದ್ದಳು. ನಮ್ಮ ಊರಿಗೂ ಬರುತ್ತಾಳೆ, ಮೂರು ಸುತ್ತು ಆಡುತ್ತಾಳೆ ಎಂದು ತಿಳಿಯಿತು. ಅವಳ ಮುಂದೆ ನಿಲ್ಲಲು ಊರಿನಲ್ಲಿ ಬೇರೆ ಯಾವ ಹೆಣ್ಣುಮಗಳೂ ಒಪ್ಪಲಿಲ್ಲವಾದ್ದರಿಂದ ತೀವ್ರ ಪೈಪೋಟಿಯ ನಂತರ ಇಸ್ತ್ರಿಯನ್ನು ಆಯ್ಕೆ ಮಾಡಲಾಯಿತು.

ಕೂಡಲೇ ಮಂಡಳಿಯ ಮುಂದೆ ಒಂದು ಗಹನವಾದ ಪ್ರಶ್ನೆ ಬಂದು ನಿಂತಿತು. ಎದುರಾಳಿ ನಮಗಿಂತ ಎಷ್ಟೋ ಮೇಲಿನವಳಾಗಿದ್ದಾಗ ನಮ್ಮ ಸ್ಪರ್ಧಿ ಮುನ್ನುಗ್ಗಿ ಹೊಡೆಯಬೇಕೋ, ಇಲ್ಲ ಹೇಗೋ ಬಿದ್ದುಹೋಗದೆ ಉಳಿದುಕೊಂಡರೆ ಸಾಕೋ? ಪ್ರಶ್ನೆ ಎತ್ತಿದವಳು ಇಸ್ತ್ರಿಯೇ. ಅಲ್ಲಿಯವರೆಗೆ ಯಾರಿಗೂ ಅದು ಹೊಳೆದಿರಲಿಲ್ಲ.

ಚರ್ಚೆಗೆ ಸಭೆ ಕರೆಯಲಾಯಿತು. ಉಳಿದುಕೊಳ್ಳಬೇಕು ಎನ್ನುವ ಪಕ್ಷದಲ್ಲಿ ಕುರ್ಚಿಯಲ್ಲಿ ಕುಳಿತವರೆಲ್ಲ ಇದ್ದರು. ಹೊಡೆಯಬೇಕು ಎನ್ನುವ ಪಕ್ಷದಲ್ಲಿ ಗಂಟೆ ತಾತ ಒಬ್ಬ.

ಗಂಟೆ ತಾತನೇ ನಾನು ಮೊದಲು ಹೇಳಿದ, ಮಂಡಳಿ ಕ್ಷಮಿಸಿದ ಅಪವಾದ. ಅಧ್ಯಕ್ಷರು ತಬ್ಬಿಕೊಂಡ ಆ ಚಾಂಪಿಯನ್ನನ ಎದುರು, ಅದರ ಮಾರನೇ ದಿನ ಇವನು ಇಳಿದಿದ್ದ. ಹೋದವನೇ ಒಂದು ಗುದ್ದು ಕೊಟ್ಟ. ಆಮೇಲೆ ಏನಾಯಿತೆಂದು ಅವನಿಗೆ ಗೊತ್ತಿಲ್ಲ, ಬೇರೆಯವರು ಹೇಳಿದ್ದನ್ನು ನಂಬಿದ್ದಾನೆ. ಮೂಗು ಒಂದು ಪಕ್ಕಕ್ಕೆ ಹೋಗಿದ್ದು ಹಾಗೇ ಉಳಿಯಿತು. ಬಿದ್ದವನಿಗೆ ಕುರ್ಚಿ ಇಲ್ಲವಲ್ಲ. ಮಂಡಳಿ ಕರುಣೆಯಿಂದ ಗಂಟೆ ಬಾರಿಸುವ ಕೆಲಸ ಕೊಟ್ಟಿತು. ಅಂದಿನಿಂದ ನಿಂತೇ ಇದ್ದಾನೆ.

"ನಿನ್ನ ಅನುಭವ ಹೇಳಪ್ಪ, ಕೇಳಿಸಿಕೊಳ್ಳಲಿ ಹುಡುಗಿ," ಎಂದರು ಅಧ್ಯಕ್ಷರು. ಅವಳಿಗೆ ಬುದ್ಧಿ ಬರಲಿ ಎಂಬುದು ಅವರ ಉದ್ದೇಶ.

"ಏನಿಲ್ಲ ಸ್ವಾಮಿ. ಬಿದ್ದೆ, ನಿಜ. ಬೀಳೋಕೆ ಮುಂಚೆ ಒಂದು ಕೊಟ್ಟೆ." ತಾತ ಬಲಗೈಯನ್ನು ಮುಂದೆ ಚಾಚಿ ತಾನೇ ನೋಡಿಕೊಂಡ. "ಅಬ್ಬಬ್ಬಾ, ಏನು ಚೆನ್ನಾಗಿತ್ತು ಗೊತ್ತಾ!"

ಅವನ ಮುಖದಲ್ಲಿ ಬುದ್ಧಿ ಬಂದವರ ಲಕ್ಷಣ ಕಾಣಲಿಲ್ಲ. ಸಭೆ ಅವನ ಹೇಳಿಕೆಯನ್ನು ಕೈಬಿಟ್ಟಿತು. ಆದರೆ ಇಸ್ತ್ರಿ ಅವನ ಕೈಯನ್ನೇ ನೋಡುತ್ತಿದ್ದಳು, ಅದನ್ನು ನಾನು ಗಮನಿಸಿದೆ.

ಸಭೆಯ ತೀರ್ಮಾನವನ್ನು ಮರುದಿನವೇ ಊರಿಡೀ ಅಂಟಿಸಲಾಯಿತು. ಕರಡು ನನ್ನದೇ.

"ಸಾರ್ವಜನಿಕರ ಗಮನಕ್ಕೆ. ಮಂಡಳಿಯ ಸ್ಪರ್ಧಿಯು ಸದರಿ ಪಂದ್ಯದಲ್ಲಿ ಉಳಿದುಕೊಳ್ಳತಕ್ಕದ್ದು. ಪ್ರೇಕ್ಷಕರು 'ಹೊಡಿ, ಹೊಡಿ' ಎಂದು ಕೂಗಿ ಸ್ಪರ್ಧಿಯ ಏಕಾಗ್ರತೆಗೆ ಭಂಗ ತರಬಾರದು. 'ಹಿಡ್ಕೋ, ಹಿಡ್ಕೋ' ಎಂದು ಮಿತವಾದ ದನಿಯಲ್ಲಿ ಕೂಗಲು ಅಭ್ಯಂತರವಿಲ್ಲ. ಎದುರಾಳಿಗೆ ಬೇಸರವಾದಲ್ಲಿ ಮಂಡಳಿ ಜವಾಬ್ದಾರಿಯಲ್ಲ."

ತರಬೇತಿ ಶುರುವಾಯಿತು. ದಿನವೂ ಅಂಗಡಿ ಮುಗಿಸಿ ಬಂದು ಇಸ್ತ್ರಿ ಚೀಲವನ್ನು ತಬ್ಬಿಕೊಂಡು ನಿಲ್ಲುತ್ತಿದ್ದಳು. ಅಧ್ಯಕ್ಷರು ಖುದ್ದಾಗಿ ಬಂದು ಗಲ್ಲ ಎಲ್ಲಿಡಬೇಕು, ಕೈ ಎಷ್ಟು ಬಿಗಿಯಬೇಕು, ಎದುರಾಳಿ ಬೈದರೆ ಹೇಗೆ ಮುಗುಳ್ನಗಬೇಕು ಎಂದು ಹೇಳಿಕೊಟ್ಟರು. ಒಂದು ಸಂಜೆ ಅವಳು ಚೀಲದಿಂದ ಕೆನ್ನೆ ತೆಗೆಯದೆಯೇ ನನ್ನನ್ನು ಕೇಳಿದಳು:

"ಮಾವ, ಒಂದೇ ಒಂದು ಹೊಡೀಲಾ?"

"ಹುಚ್ಚಿ! ನೀನು ಹೊಡೆದರೆ ಅವಳಿಗೆ ಸಿಟ್ಟು ಬರುತ್ತೆ. ಸಿಟ್ಟು ಬಂದರೆ ತಿರುಗಿ ಹೊಡೀತಾಳೆ. ಹೊಡೆದರೆ ಬೀಳ್ತೀಯ. ಬಿದ್ದರೆ ಕುರ್ಚಿ ಹೋಯ್ತು."

"ಬಾಕ್ಸಿಂಗ್ ಅಂದ್ರೆ ಹೊಡೆಯೋದು ಅಲ್ವಾ ಮಾವ?"

"ಅದು ಬರೀ ಹೆಸರಮ್ಮ," ಎಂದೆ ನಾನು.

ಪಂದ್ಯದ ದಿನ ಸಭಾಂಗಣ ಕಿಕ್ಕಿರಿದಿತ್ತು. ಅಕ್ಕ ಅಂಗಡಿ ಮುಚ್ಚಿ ಬಂದು ಮುಂದಿನ ಸಾಲಿನಲ್ಲಿ ನಿಂತಿದ್ದಳು. ಕುರ್ಚಿ ಕೊಟ್ಟರೂ ಕೂರಲಿಲ್ಲ, ಮಗಳಿಗೆ ಸಿಕ್ಕಮೇಲೇ ಕೂರ್ತೀನಿ ಎಂದಳು. ಚಾಂಪಿಯನ್ ಬಂದಳು. ಒಳ್ಳೇ ಎತ್ತರದ ಹೆಂಗಸು, ಭುಜ ಎರಡೂ ಬಾಗಿಲಷ್ಟು ಅಗಲ. ನನ್ನ ಎದೆ ಢವಢವ ಎಂದಿತು ಎಂಬುದನ್ನು ವರದಿಯಲ್ಲಿ ಸೇರಿಸುವುದು ಉಚಿತವಲ್ಲ, ಆದರೂ ಸೇರಿಸುತ್ತಿದ್ದೇನೆ.

ಮೊದಲ ಸುತ್ತಿನಲ್ಲಿ ಎಲ್ಲವೂ ನಿಯಮಾನುಸಾರ ನಡೆಯಿತು. ಇಸ್ತ್ರಿ ಹೋಗಿ ತಬ್ಬಿಕೊಂಡಳು, ರೆಫರಿ ಬಿಡಿಸಿದ, ಮತ್ತೆ ತಬ್ಬಿಕೊಂಡಳು. ಜನ ಮಿತವಾದ ದನಿಯಲ್ಲಿ "ಹಿಡ್ಕೋ, ಹಿಡ್ಕೋ" ಎಂದರು. ಅಧ್ಯಕ್ಷರ ಕಣ್ಣಲ್ಲಿ ನೀರು ಬಂತು. ತಮ್ಮ ಯೌವನ ನೆನಪಾಯಿತಂತೆ.

ಎರಡನೇ ಸುತ್ತಿಗೆ ಚಾಂಪಿಯನ್ ನಗುನಗುತ್ತಾ ಬಂದಳು. ಈ ಊರಿನ ಪದ್ಧತಿ ಅವಳಿಗೆ ಅರ್ಥವಾಗಿಹೋಗಿತ್ತು. ರಿಂಗಿನ ನಡುವೆ ನಿಂತು, ಬಾ ತಾಯಿ ಎನ್ನುವಂತೆ ತಾನೇ ಎರಡು ಕೈಗಳನ್ನೂ ಅಗಲಿಸಿದಳು. ಜನ ನಕ್ಕರು. ನಾವೂ ನಕ್ಕೆವು. ಇಸ್ತ್ರಿ ನಗಲಿಲ್ಲ. ಅವಳ ಬಲಗೈ ಮೇಜಿನ ಮೇಲಿಂದ ಇಸ್ತ್ರಿಪೆಟ್ಟಿಗೆ ಎತ್ತಿದ ಹಾಗೆ ಕೆಳಗಿನಿಂದ ಮೇಲಕ್ಕೆ ಬಂತು. ಚಾಂಪಿಯನ್ನಳ ಗಲ್ಲಕ್ಕೆ ತಾಗಿತು.

ಚಾಂಪಿಯನ್ ಅಂಗಾತ ಬಿದ್ದಳು. ರೆಫರಿ ಹತ್ತರವರೆಗೆ ಎಣಿಸಿದ. ಎಣಿಸುವಾಗ ನಮ್ಮ ಕಡೆಗೇ ನೋಡುತ್ತಿದ್ದ, ನಿಲ್ಲಿಸು ಎಂದು ಯಾರಾದರೂ ಹೇಳುತ್ತಾರೇನೋ ಎಂದು. ಇಡೀ ಸಭಾಂಗಣದಲ್ಲಿ ಸದ್ದು ಮಾಡಿದವನು ಗಂಟೆ ತಾತ ಒಬ್ಬ, ಸ್ಟೂಲಿನ ಮೇಲೆ ಹತ್ತಿ ಕುಣಿಯುತ್ತಿದ್ದ.

ಸ್ವಲ್ಪ ಹೊತ್ತಿಗೆ ಚಾಂಪಿಯನ್ ಎದ್ದು ಕೂತು ಗಲ್ಲ ಸವರಿಕೊಂಡಳು. ಸಿಟ್ಟಾಗುತ್ತಾಳೆಂದು ನಾವು ಹಿಂದಕ್ಕೆ ಸರಿದೆವು. ಅವಳು ಜೋರಾಗಿ ನಕ್ಕು, ಇಸ್ತ್ರಿಯ ಹೆಗಲು ಹಿಡಿದು ಏನೋ ಹೇಳಿದಳು. ದುಭಾಷಿ ಊಟಕ್ಕೆ ಹೋಗಿದ್ದ. ಆಗ ಅವಳು ಗಾಳಿಗೆ ಒಂದು ಗುದ್ದು ಕೊಟ್ಟು, ಇಸ್ತ್ರಿಯ ಕೈ ಮುಟ್ಟಿ, ತನ್ನ ಎದೆ ಮುಟ್ಟಿಕೊಂಡಳು. ಏನು ಅರ್ಥವೋ ನಮಗೆ ಆಗಲಿಲ್ಲ. ಇಸ್ತ್ರಿಗೆ ಆಯಿತು ಅಂತ ಕಾಣುತ್ತದೆ, ಮುಖ ಅರಳಿತು.

ಅಕ್ಕ ಓಡಿಬಂದು ನನ್ನ ತೋಳು ಹಿಡಿದಳು. "ಗೆದ್ದಳು ಕಣೋ! ಕುರ್ಚಿ ಎಲ್ಲಿ?"

"ಅಕ್ಕ, ಗೆದ್ದಿದ್ದೇನೋ ನಿಜ," ಎಂದೆ. "ನಿಲ್ಲಲಿಲ್ಲವಲ್ಲ."

"ಏನಂದೆ? ನಿಂತಿದ್ದು ನನ್ನ ಮಗಳು! ಬಿದ್ದಿದ್ದು ಆ ಆನೆಯಂಥ ಹೆಂಗಸು!"

"ಕೊನೆಯ ಗಂಟೆವರೆಗೆ ನಿಲ್ಲಬೇಕು ಅಂತ ನಿಯಮ. ಗಂಟೆ ಎಲ್ಲಿ ಆಯ್ತು? ಪಂದ್ಯ ಮಧ್ಯದಲ್ಲೇ ನಿಂತುಹೋಯ್ತಲ್ಲ."

"ನಿಮ್ಮ ನಿಯಮಕ್ಕಿಷ್ಟು! ನೀನು ನನ್ನ ತಮ್ಮನೇನೋ?"

"ಆಫೀಸಿನ ಹೊತ್ತು ಮುಗಿದ ಮೇಲೆ," ಎಂದೆ. ಆ ಮಾತಿಗೆ ಅಕ್ಕ ನನ್ನನ್ನು ನೋಡಿದ ರೀತಿಗೆ ನನಗೆ ಇಂದಿಗೂ ನಾಚಿಕೆಯಿದೆ.

ಮಂಡಳಿ ಮತ್ತೆ ಸಭೆ ಸೇರಿತು. ಗೆದ್ದವರನ್ನು ಏನು ಮಾಡಬೇಕೆಂದು ನಿಯಮಾವಳಿಯಲ್ಲಿ ಒಂದಕ್ಷರವೂ ಇರಲಿಲ್ಲ. ಉಪಾಧ್ಯಕ್ಷರು ಇದನ್ನು ಅಶಿಸ್ತು ಎಂದು ಪರಿಗಣಿಸೋಣ ಎಂದರು. ಖಜಾಂಚಿಗಳು ಕೈ ಜಾರಿದ್ದು ಎಂದು ಪರಿಗಣಿಸೋಣ ಎಂದರು. ಕೊನೆಗೆ ದಾರಿ ಹುಡುಕಿದವನು ನಾನು. ಉಳಿದ ಸುತ್ತನ್ನು ಆಡಿಸಿಬಿಟ್ಟರೆ ಕೊನೆಯ ಗಂಟೆ ಆಗುತ್ತದೆ, ಗಂಟೆ ಆದರೆ ಅವಳು ನಿಂತ ಹಾಗಾಗುತ್ತದೆ. ಎಲ್ಲರೂ ಒಪ್ಪಿದರು. ಚಾಂಪಿಯನ್ ಅಷ್ಟರಲ್ಲಿ ಊರು ಬಿಟ್ಟು ಹೋಗಿದ್ದಳು, ಅದೊಂದು ಸಣ್ಣ ತೊಡಕು.

ಮರುದಿನ ಬೆಳಿಗ್ಗೆ ಇಸ್ತ್ರಿ ಗ್ಲೌಸ್ ಹಾಕಿಕೊಂಡು ಒಬ್ಬಳೇ ರಿಂಗಿನಲ್ಲಿ ನಿಂತಳು. ಗಂಟೆ ಬಾರಿಸಿತು. ಅವಳು ನಿಂತೇ ಇದ್ದಳು. ರೆಫರಿ ಅವಳ ಮುಂದೆ ಬೆರಳು ಎತ್ತಿ, ಆಟದಲ್ಲಿ ಪಾಲ್ಗೊಳ್ಳದೆ ಸುಮ್ಮನೆ ನಿಂತಿದ್ದಕ್ಕೆ ಎಚ್ಚರಿಕೆ ಕೊಟ್ಟ.

"ಯಾರ ಜೊತೆ ಆಡ್ಲಿ?" ಎಂದಳು.

"ಅದು ನನಗೆ ಸಂಬಂಧಪಟ್ಟದ್ದಲ್ಲ," ಎಂದು ಇನ್ನೊಂದು ಎಚ್ಚರಿಕೆ ಕೊಟ್ಟ. ಮತ್ತೊಂದಾದರೆ ಅನರ್ಹ.

ನಾನು ಓಡಿಹೋಗಿ ಸುತ್ತನ್ನು ನಿಲ್ಲಿಸಿದೆ. ಎದುರಾಳಿ ಬೇಕೇ ಬೇಕು, ಅದೂ ಶ್ರೇಷ್ಠ ಎದುರಾಳಿ. ತನಗಿಂತ ಕೆಳಗಿನವರ ಮುಂದೆ ನಿಂತರೆ ಅದು ನಿಂತ ಲೆಕ್ಕಕ್ಕೆ ಬರುವುದಿಲ್ಲ. ಮಂಡಳಿಯಲ್ಲಿ ಅವಳಿಗಿಂತ ಶ್ರೇಷ್ಠರು ಯಾರು? ಕೈಬಲದಲ್ಲಿ ಯಾರೂ ಇಲ್ಲ. ಹುದ್ದೆಯಲ್ಲಿ ಅಧ್ಯಕ್ಷರು.

ಅಧ್ಯಕ್ಷರು ಬೇಡವೆನ್ನಲಿಲ್ಲ. ಬದಲಿಗೆ ತುಸು ಬೇಗನೆ ಒಪ್ಪಿದರು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಕೋಟು ಬಿಚ್ಚಿದರೆ ನೆಗಡಿಯಾಗುತ್ತದೆಂದು ಕೋಟಿನಲ್ಲೇ, ಕೈಗೆ ಗ್ಲೌಸ್ ಕಟ್ಟಿಸಿಕೊಂಡು ಹಗ್ಗದ ಕೆಳಗೆ ನುಸುಳಿದರು. ಇಬ್ಬರು ಹಿಂದಿನಿಂದ ನೂಕಬೇಕಾಯಿತು.

ಗಂಟೆ ಬಾರಿಸಿತು. ಅಧ್ಯಕ್ಷರು ಎರಡೂ ಕೈ ಅಗಲಿಸಿಕೊಂಡು ಬಂದರು. ಚಾಂಪಿಯನ್ ನಿಂತ ಹಾಗೇ, ಅದೇ ಜಾಗ. ಇಸ್ತ್ರಿಯ ಬಲಗೈ ಸೊಂಟದ ಹತ್ತಿರ ಬಂದು ನಿಂತಿತು. ಅಧ್ಯಕ್ಷರು ಅದನ್ನು ಕಂಡು ಕಣ್ಣು ಮುಚ್ಚಿಕೊಂಡರು.

"ಹೊಡೀಬೇಡಮ್ಮಾ," ಎಂದರು ಮೆಲ್ಲಗೆ. "ನಾನು ಬಿದ್ರೆ ಗಂಟೆ ಆಗಲ್ಲ, ನಿನಗೇ ನಷ್ಟ."

"ಹೊಡೀಬೇಡ್ವೇ! ಹಿಡ್ಕೊಳ್ಳೇ, ನಿನ್ನ ದಮ್ಮಯ್ಯ!" ಎಂದು ಅಕ್ಕ ಕೆಳಗಿನಿಂದ ಕೂಗಿದಳು. ಗಂಟೆ ತಾತ ಮಾತ್ರ ಉಸಿರು ಬಿಗಿಹಿಡಿದು ಅವಳ ಕೈಯನ್ನೇ ನೋಡುತ್ತಿದ್ದ. ನಾನೂ ನೋಡುತ್ತಿದ್ದೆ. ಕಾರ್ಯದರ್ಶಿಯಾಗಿ ನಾನು ಏನು ಬಯಸಬೇಕಿತ್ತೋ ಅದನ್ನು ಬಯಸುತ್ತಿರಲಿಲ್ಲ ಎಂದಷ್ಟೇ ಹೇಳಬಲ್ಲೆ.

ಅವಳು ಅಮ್ಮನ ಕಡೆ ತಿರುಗಿದಳು. ಅಕ್ಕ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಾಯಿಸುತ್ತಾ ಕೈ ಮುಗಿದು ನಿಂತಿದ್ದಳು. ಇಸ್ತ್ರಿ ಕೈ ಬಿಚ್ಚಿ ಅಧ್ಯಕ್ಷರನ್ನು ತಬ್ಬಿಕೊಂಡಳು. ಅದೂ ಹುಷಾರಾಗಿ, ಏಕೆಂದರೆ ಆ ಕೋಟಿಗೆ ಅಂದು ಬೆಳಿಗ್ಗೆ ಇಸ್ತ್ರಿ ಮಾಡಿದವಳು ಅವಳೇ. ಸುಕ್ಕಾದರೆ ಮತ್ತೆ ಅವಳಿಗೇ ಕೆಲಸ.

ಸುತ್ತು ಮುಗಿಯಿತು. ಗಂಟೆ ತಾತ ಒಲ್ಲದ ಮನಸ್ಸಿನಿಂದ ಗಂಟೆ ಬಾರಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕ ಅಳತೊಡಗಿದಳು. ಅಧ್ಯಕ್ಷರು ಕರವಸ್ತ್ರದಿಂದ ಮುಖ ಒರೆಸಿಕೊಂಡು ನನ್ನತ್ತ ತಿರುಗಿದರು.

"ಕಾರ್ಯದರ್ಶಿಗಳೇ, ಹುಡುಗಿ ನಿನ್ನೆ ಚಾಂಪಿಯನ್ನಳನ್ನ ಬೀಳಿಸಿದವಳು. ಅಂದ್ಮೇಲೆ ನನಗಿಂತ ಶ್ರೇಷ್ಠಳು, ಹೌದಲ್ವಾ?"

"ಹೌದು ಸಾರ್."

"ಅವಳ ಮುಂದೆ ಕೊನೆಯ ಗಂಟೆವರೆಗೆ ನಾನೂ ನಿಂತೆ ತಾನೆ?"

ನಿಯಮ ನನಗೆ ಬಾಯಿಪಾಠ. ಕೊನೆಯ ಗಂಟೆಯವರೆಗೆ ನಿಂತವರಿಗೆ ಕಾಯಂ ಕುರ್ಚಿ. ಒಬ್ಬರಿಗೆ ಒಮ್ಮೆ ಮಾತ್ರ ಎಂದು ಎಲ್ಲೂ ಇಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು. "ನಿಂತಿರಿ ಸಾರ್," ಎಂದೆ.

ಹೀಗೆ ಅಧ್ಯಕ್ಷರಿಗೆ ಅದೇ ಕುರ್ಚಿ ಹೊಸದಾಗಿ ಸಿಕ್ಕಿತು. ಅವರು ಏಳದಿದ್ದ ಮೇಲೆ ಉಪಾಧ್ಯಕ್ಷರು ಸರಿಯುವಂತಿಲ್ಲ, ಖಜಾಂಚಿಗಳು ಸರಿಯುವಂತಿಲ್ಲ, ಬಾಗಿಲ ಪಕ್ಕದ ಕುರ್ಚಿಯೂ ಖಾಲಿಯಾಗುವಂತಿಲ್ಲ. ಯಾರಿಗೂ ಇದರಲ್ಲಿ ತಪ್ಪು ಕಾಣಲಿಲ್ಲ. ಎಲ್ಲರೂ ತಮ್ಮ ತಮ್ಮ ನಿವೃತ್ತಿಯ ದಿನವನ್ನು ನೆನೆದು ಇಸ್ತ್ರಿಯನ್ನು ಹೊಸ ಗೌರವದಿಂದ ನೋಡತೊಡಗಿದರು. ಅವಳಿಗೆ ಕುರ್ಚಿಯ ಹಕ್ಕು ಇದೆ, ಕುರ್ಚಿ ಇಲ್ಲ. ಆದ್ದರಿಂದ ಕುರ್ಚಿ ಬರುವವರೆಗೆ 'ನಿಂತಿರುವ ಸಿಬ್ಬಂದಿ' ಎಂಬ ಹುದ್ದೆಯನ್ನು ಸೃಷ್ಟಿಸಿ ಅವಳನ್ನು ಕಾಯಂ ಮಾಡಲಾಯಿತು.

ಅವಳನ್ನು ಮನೆಗೆ ಬಿಡಲು ನಾನೂ ಜೊತೆಗೆ ಹೋದೆ. ಓಣಿಯ ತಿರುವಿನಲ್ಲಿ ಕೇಳಿದಳು: "ಹೊಡೀಬೇಕಿತ್ತು ಅಲ್ವಾ ಮಾವ?"

"ಹೊಡೆದಿದ್ದರೆ ಗಂಟೆ ಆಗ್ತಿರಲಿಲ್ಲ, ಕುರ್ಚಿ ಸಿಗ್ತಿರಲಿಲ್ಲ."

"ಹೊಡೀಲಿಲ್ಲ. ಕುರ್ಚಿ ಸಿಕ್ತಾ?"



ಅಂದು ಮನೆಯಲ್ಲಿ ಕುಳಿತು ನಾನು ಅವಳ ಕೆಲಸದ ವಿವರ ಬರೆದೆ. ಹುದ್ದೆ ಸೃಷ್ಟಿಯಾದ ಮೇಲೆ ಕೆಲಸವೂ ಬೇಕಲ್ಲ. ತರಬೇತಿ ಕೋಣೆಯ ಚೀಲದ ಮುಂಭಾಗದಲ್ಲಿ ಅನೇಕ ವರ್ಷಗಳಿಂದ ಧೂಳು ಕೂತಿದ್ದು, ಬಟ್ಟೆಯಿಂದ ಒರೆಸಿದರೆ ಹೋಗುವಂಥದ್ದಲ್ಲವಾದ ಕಾರಣ, ಸದರಿ ಸಿಬ್ಬಂದಿಯು ಪ್ರತಿದಿನ ಕೈಯಿಂದ ತಟ್ಟಿ ಝಾಡಿಸತಕ್ಕದ್ದು. ಕೈಗೆ ಅಲರ್ಜಿಯಾಗದಂತೆ ಗ್ಲೌಸ್ ಧರಿಸತಕ್ಕದ್ದು. ಅಧ್ಯಕ್ಷರು ಶುಚಿತ್ವದ ವಿಷಯವೆಂದು ಓದದೆ ಸಹಿ ಹಾಕಿದರು.

ಈಗ ಬೆಳಿಗ್ಗೆಯಿಂದ ಸಂಜೆಯವರೆಗೆ ಇಸ್ತ್ರಿ ಧೂಳು ಝಾಡಿಸುತ್ತಾಳೆ. ಗಂಟೆ ತಾತ ಪಕ್ಕದಲ್ಲಿ ನಿಂತು ಎಲ್ಲಿ ಧೂಳು ಜಾಸ್ತಿ ಇದೆ, ಭುಜ ಎಷ್ಟು ತಿರುಗಿಸಿದರೆ ಚೆನ್ನಾಗಿ ಹೋಗುತ್ತದೆ ಎಂದು ತೋರಿಸುತ್ತಾನೆ. ಅಕ್ಕ ಬಂದು ನೋಡಿ ಹೋಗುತ್ತಾಳೆ. ಮಗಳು ಕಾಯಂ ಎಂದು ಓಣಿಯಲ್ಲೆಲ್ಲ ಹೇಳಿಕೊಂಡಿದ್ದಾಳೆ, ಕುರ್ಚಿಯ ಮಾತು ಬಂದರೆ "ಬರುತ್ತೆ, ಬರುತ್ತೆ, ಹೆಂಚಿನ ಚೂರು ಆರಿಸಿಟ್ಟಿದ್ದೀನಿ" ಎನ್ನುತ್ತಾಳೆ. ಝಾಡಿಸುವ ಸದ್ದಿಗೆ ಅಧ್ಯಕ್ಷರ ಹಿಂದಿನ ಗೋಡೆ ಅದುರಿ, ಆ ಎರಡು ಕೈಗಳ ಫೋಟೋ ಪ್ರತಿದಿನ ಓರೆಯಾಗುತ್ತದೆ. ಅದನ್ನು ನೇರ ಮಾಡುವುದು ನನ್ನ ಹೆಚ್ಚುವರಿ ಜವಾಬ್ದಾರಿ. ಅಧ್ಯಕ್ಷರ ಹೊಸ ಅವಧಿಯೂ ಒಂದು ದಿನ ಮುಗಿಯುತ್ತದೆ, ಆಗ ಅವರು ಮತ್ತೆ ನಿಂತು ತೋರಿಸಬೇಕಾಗುತ್ತದೆ. ಊರಿನಲ್ಲಿ ಶ್ರೇಷ್ಠ ಎದುರಾಳಿ ಎಂದರೆ ಅವಳೊಬ್ಬಳೇ. ಬಾಗಿಲು ಹಾಕಿಕೊಂಡು ಅವರು ಬೀರುವನ್ನು ತಬ್ಬಿ ಅಭ್ಯಾಸ ಮಾಡುತ್ತಿರುವುದನ್ನು ನಾನು ಕಂಡಿದ್ದೇನೆ.

"ಕಾರ್ಯದರ್ಶಿಗಳೇ, ಆ ಧೂಳು ಇನ್ನೂ ಹೋಗಲಿಲ್ಲವೇನ್ರೀ?" ಎಂದು ಅವರು ದಿನವೂ ಕೇಳುತ್ತಾರೆ.

ನಾನು ತರಬೇತಿ ಕೋಣೆಗೆ ಹೋಗಿ ಪರಿಶೀಲಿಸುತ್ತೇನೆ. ಚೀಲದ ಮುಂಭಾಗ ಕನ್ನಡಿಯ ಹಾಗೆ ಫಳಫಳ ಹೊಳೆಯುತ್ತಿರುತ್ತದೆ, ನಡುವೆ ಒಂದು ಮುಷ್ಟಿಯಷ್ಟು ತಗ್ಗು ಬಿದ್ದಿದೆ. ಇಸ್ತ್ರಿ ಬೆವರು ಒರೆಸಿಕೊಂಡು ನನ್ನ ಮುಖ ನೋಡುತ್ತಾಳೆ. ನಾನು ವಾಪಸ್ ಬಂದು ಅಧ್ಯಕ್ಷರ ಮುಂದೆ ಕೈಕಟ್ಟಿ ನಿಂತು ವರದಿ ಒಪ್ಪಿಸುತ್ತೇನೆ.

"ಇನ್ನೂ ಬೇಕಾದಷ್ಟಿದೆ ಸಾರ್."